ಸೂಜಿ ಬಿದ್ದ ಸದ್ದು

ನಮ್ಮೂರ ಹಿಟ್ಟಿನ ಗಿರಣಿಯವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅದು ಅವನ ತಪ್ಪಲ್ಲ. ಮೀಸೆ ಮೂಡುವ ಮೊದಲೇ ಅಪ್ಪನ ಜೊತೆ ಗಿರಣಿಯ ಪಕ್ಕ ನಿಂತವನು ಅವನು. ಮೋಟಾರಿನ ಗುಡುಗು, ಅಗಲವಾದ ಬೆಲ್ಟು ಗಾಲಿಯ ಮೇಲೆ ಬಡಿಯುವ ಢಗ್ ಢಗ್, ಕಲ್ಲುಗಳ ಕರಕರ. ಇವುಗಳ ನಡುವೆ ನಿಂತು "ನುಣ್ಣಗೆ ಬೀಸಲೋ, ತರಿತರಿ ಇರಲೋ?" ಎಂದು ಕೇಳಬೇಕಾದವನು ಕೂಗದೆ ಇನ್ನೇನು ಮಾಡಿಯಾನು? ಕೂಗಿ ಕೂಗಿ ಗಂಟಲು ಹಿಗ್ಗಿತು. ಕೇಳಿ ಕೇಳಿ ಕಿವಿ ಕುಗ್ಗಿತು. ಗಂಟಲು ಹಿಗ್ಗಿದ್ದು ಊರಿಗೆಲ್ಲ ಗೊತ್ತಿತ್ತು. ಕಿವಿ ಕುಗ್ಗಿದ್ದು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಸಾವಿನ ಮನೆಯಲ್ಲಿ ಅವನು ಪಕ್ಕದವನ ಕಿವಿಯಲ್ಲಿ ಗುಟ್ಟಾಗಿ "ಏನಾಗಿತ್ತಂತೆ?" ಎಂದು ಕೇಳಿದರೆ ಆಚೆ ಬೀದಿಯವರು ಉತ್ತರ ಹೇಳುತ್ತಿದ್ದರು.

ಗಿರಣಿಗೂ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲೊಂದು ಬಾಗಿಲು. ಮನೆಯಲ್ಲಿ ಅವನ ಹೆಂಡತಿ, ಕೋಲೂರಿ ನಡೆಯುವ ಮುದುಕಿ ತಾಯಿ, ಮತ್ತು ನಾಲ್ಕನೇ ತರಗತಿಯಲ್ಲಿ ಓದುವ ಮಗಳು. ಮನೆಯವರು ಅವಳನ್ನು ಚುಕ್ಕಿ ಎನ್ನುತ್ತಿದ್ದರು. ಹೆಸರಷ್ಟೇ ಸಣ್ಣದು, ಗಂಟಲು ಅಪ್ಪನದೇ. ಶಾಲೆಯಲ್ಲಿ ಅವಳು "ಬಂದಿದೀನಿ ಸಾರ್" ಎಂದು ಹಾಜರಿ ಹೇಳಿದರೆ ಪಕ್ಕದ ತರಗತಿಯ ಹುಡುಗರೂ ಎದ್ದು ನಿಲ್ಲುತ್ತಿದ್ದರು.

ಚುಕ್ಕಿ ಶಾಲೆಯಿಂದ ಬಂದವಳೇ ಚೀಲ ಎಸೆದು ಗಿರಣಿಗೆ ಓಡುವಳು. ಮೂಲೆಯಲ್ಲಿ ಜೋಳದ ಮೂಟೆಗಳ ಮೇಲೆ ಮಡಿಸಿಟ್ಟ ಖಾಲಿ ಗೋಣಿ ಅವಳ ಸಿಂಹಾಸನ. ಅಜ್ಜಿ ಕೆಳಗೆ ಕೂತು ಜರಡಿ ಹಿಡಿಯುತ್ತ "ಏಳೆಂಟ್ಲೆ?" ಎಂದು ಕೂಗುವಳು. ಬೆಲ್ಟಿನ ಢಗ್ ಢಗ್‌ಗೆ ಕಾಲಾಡಿಸುತ್ತ ಚುಕ್ಕಿ "ಐವತ್ತಾರು!" ಎಂದು ಕೂಗುವಳು. ಸರದಿ ಕಾಯುತ್ತ ನಿಂತ ಹೆಂಗಸರು ಸುಮ್ಮನಿರುವವರೇ? "ಇವತ್ತೇನು ಪಾಠ ಆಯ್ತೇ? ಹೇಳು, ನಮ್ಗೂ ಹೊತ್ತು ಹೋಗ್ಲಿ" ಎಂದು ಅವರೂ ಕೂಗುವರು. ಒಬ್ಬಳಿಗೆ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬಳು ಬುಟ್ಟಿ ಹೊತ್ತು ಬರುವಳು, ಪಾಠ ಮತ್ತೆ ಮೊದಲಿನಿಂದ. ತಪ್ಪಿದರೆ ಅಮ್ಮ ನಡುಬಾಗಿಲಲ್ಲಿ ನಿಂತು ತಿದ್ದುವಳು. ಹೀಗೆ ಅಂಗಡಿ ಮುಚ್ಚುವ ಹೊತ್ತಿಗೆ ಚುಕ್ಕಿಗೆ ಪಾಠ ಬಾಯಿಗೆ ಬಂದಿರುತ್ತಿತ್ತು. ಕಾಳು ಸುರಿಯುತ್ತ, ಹಿಟ್ಟು ಹಿಡಿಯುತ್ತ ಬೆವರಿಳಿಸುವ ಅಪ್ಪನಿಗೆ ಮಾತ್ರ ಮಗಳು ಮೂಟೆ ಮೇಲೆ ಆಡುತ್ತಿದ್ದಾಳೆ ಎಂದಷ್ಟೇ ಕಾಣುತ್ತಿತ್ತು.

ಹೀಗಿರುವಾಗ ಶಾಲೆಯಲ್ಲಿ ಪೋಷಕರ ಸಭೆ ಸೇರಿತು.

ಮೇಷ್ಟ್ರು ಒಳ್ಳೆಯ ಮನುಷ್ಯ, ಸಣ್ಣ ದನಿಯವರು. ಗಿರಣಿಯವನು ಮುಂದಿನ ಬೆಂಚಿನಲ್ಲಿ ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಕೂತ. ಅವನ ಪಕ್ಕದಲ್ಲಿ ದರ್ಜಿ, ಕೊರಳಿಗೆ ಅಳತೆಯ ಟೇಪು ನೇತುಹಾಕಿಕೊಂಡೇ ಬಂದಿದ್ದ.

"ಬರೋ ಸೋಮವಾರ ತಪಾಸಣೆಗೆ ಸಾಹೇಬರು ಬರ್ತಾರೆ. ನೀವೆಲ್ಲಾ ಬರ್ಬೇಕು. ಶಾಲೆ ಪರವಾಗಿ ಒಂದು ಮಗು ಎದ್ದು ನಿಂತು ಪಾಠ ಒಪ್ಪಿಸ್ಬೇಕು. ಸೂರ್ಯ, ಗ್ರಹಗಳ ಪಾಠ. ನಾನು ಚುಕ್ಕೀನ ನಿಲ್ಲಿಸೋಣ ಅಂತಿದೀನಿ" ಎಂದರು ಮೇಷ್ಟ್ರು.

"ನಮ್ ಚುಕ್ಕೀನಾ?" ಎಂದ ಗಿರಣಿಯವನು. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು.

"ಹೌದು. ಆದ್ರೆ ಓದು ಅನ್ನೋದು ಶಾಲೆಯೊಂದೇ ಮಾಡೋ ಕೆಲಸ ಅಲ್ಲ. ಮನೇಲಿ ನೀವೂ ಕೈಜೋಡಿಸ್ಬೇಕು. ಮಗು ಓದೋಕೆ ಒಳ್ಳೆ ವಾತಾವರಣ ಮಾಡ್ಕೊಡಿ."

ಆಗ ದರ್ಜಿ ಗಂಟಲು ಸರಿಮಾಡಿಕೊಂಡ. ಅವನ ಮಗನೂ ನಾಲ್ಕನೇ ತರಗತಿ. ಆರಿಸಿದ್ದು ತನ್ನ ಮಗನನ್ನಲ್ಲ ಎಂಬ ಸಂಕಟಕ್ಕೆ ಅವನೊಂದು ಮಾತು ಹೊಲಿದು ಹಾಕಿದ.

"ಅದನ್ನ ನಮ್ಮನೇಲಿ ನೋಡಿ ಕಲೀಬೇಕು ಸಾರ್. ಮಗ ಓದೋಕೆ ಕೂರೋ ಮುಂಚೆ ನಾನು ಒಂದು ಸೂಜಿ ತಗೊಂಡು ನೆಲಕ್ಕೆ ಬೀಳಿಸ್ತೀನಿ. ಅದರ ಸದ್ದು ನನ್ನ ಕಿವಿಗೆ ಬಿತ್ತೋ, ಓದು ಶುರು. ಬೀಳ್ಲಿಲ್ವೋ, ಮನೇಲಿ ಮೌನ ಇನ್ನೂ ಸಾಲದು ಅಂತ. ಪುಸ್ತಕ ಮುಟ್ಟೋ ಹಾಗಿಲ್ಲ."

ಇದು ಅಪ್ಪಟ ಸುಳ್ಳು. ಅವನ ಮಗ ಹೊಲಿಗೆ ಮಿಷಿನ್ನಿನ ಕೆಳಗೆ ಬಟ್ಟೆಚೂರುಗಳ ನಡುವೆ ಮಲಗಿರುತ್ತಿದ್ದ. ಆದರೆ ಗಿರಣಿಯವನಿಗೆ ಇದು ಎದೆಗೆ ನಾಟಿತು. ಕಾಳು ಒಣಗಿದೆಯೋ ಇಲ್ಲವೋ ಎಂದು ಅವನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದ. ಹಿಟ್ಟು ಹದವಾಗಿದೆಯೇ ಎಂದು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ. ಮೌನಕ್ಕೂ ಇಂಥದೊಂದು ಪರೀಕ್ಷೆ ಇದೆ ಎಂದು ಇಷ್ಟು ವರ್ಷ ತನಗೆ ಯಾರೂ ಹೇಳಲೇ ಇಲ್ಲವಲ್ಲ!

ಅಂದು ಸಂಜೆ ಅವನು ಸರದಿಯಲ್ಲಿ ನಿಂತಿದ್ದವರ ಮುಂದೆಯೇ ಮೋಟಾರು ನಿಲ್ಲಿಸಿದ.

"ಯಾಕಪ್ಪಾ, ಕೆಟ್ಟೋಯ್ತಾ?" ಎಂದಳು ಎದುರುಮನೆಯ ಕೋಳಿ ಸಾಕುವಾಕೆ. ಅವಳನ್ನು ಎಲ್ಲರೂ ಕೋಳಿಯಮ್ಮ ಎನ್ನುತ್ತಿದ್ದರು.

"ಕೆಟ್ಟಿರೋದು ಗಿರಣಿ ಅಲ್ಲ, ವಾತಾವರಣ! ಸೋಮವಾರದ ತನಕ ಸಂಜೆ ಗಿರಣಿ ಇಲ್ಲ. ನನ್ ಮಗಳು ಓದ್ಬೇಕು."

"ಅವ್ಳು ಓದ್ತಾನೇ ಇದಾಳಲ್ಲೋ, ಅಲ್ಲಿ ಮೂಟೆ ಮೇಲೆ..."

"ಸದ್ದು!" ಎಂದು ಗಿರಣಿಯವನು ಗದರಿದ. ಆ ಬೀದಿಯಲ್ಲಿ ಅಂದು ಎದ್ದ ಸದ್ದುಗಳಲ್ಲೆಲ್ಲ ಅದೇ ದೊಡ್ಡದು.

ಚುಕ್ಕಿಯನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಕೂರಿಸಲಾಯಿತು. ಸಿಂಹಾಸನದ ಖಾಲಿ ಗೋಣಿಯನ್ನೂ ತಂದು ಅವಳಿಗೆ ಒರಗಲು ಇಡಲಾಯಿತು. ಗಿರಣಿಯವನು ಹೆಂಡತಿಯ ಹತ್ತಿರ ಒಂದು ಸೂಜಿ ಇಸಿದುಕೊಂಡ.

"ಇರೋದೇ ಒಂದು ರೀ. ಕಳೆದ್ರೆ ನಿಮ್ ಅಂಗಿ ಗುಂಡಿ ನೀವೇ ಕಚ್ಚಿ ಹಿಡ್ಕೋಬೇಕು" ಎಂದಳು ಅವಳು.

ಅವನು ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಸೂಜಿಯನ್ನು ನೆಲಕ್ಕೆ ಬಿಟ್ಟ. ಟಿಣ್ ಎಂದಿತು. ಹೆಂಡತಿಗೆ ಕೇಳಿಸಿತು, ಚುಕ್ಕಿಗೆ ಕೇಳಿಸಿತು, ಹಿತ್ತಿಲಲ್ಲಿದ್ದ ಅಜ್ಜಿಗೂ ಕೇಳಿಸಿತು. ಗಿರಣಿಯವನು ಮಾತ್ರ ತಲೆಯಾಡಿಸಿದ.

"ಊಹೂಂ. ಸಾಲ್ದು. ಎಲ್ಲೋ ಏನೋ ಸದ್ದಾಗ್ತಿದೆ."

"ಬಿತ್ತಲ್ಲಪ್ಪಾ, ಕೇಳಿಸ್ತು" ಎಂದಳು ಚುಕ್ಕಿ.

"ನಿಂಗೆ ಕೇಳಿಸಿದ್ರೆ ಆಗಲ್ಲಮ್ಮಾ. ಅಪ್ಪನಿಗೆ ಕೇಳಿಸ್ಬೇಕು. ಹಾಗಂತ ಕ್ರಮ ಇದೆ."

ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅದನ್ನು ನಿಲ್ಲಿಸಲಾಯಿತು. ಸೂಜಿ ಬಿತ್ತು, ಕೇಳಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಒಲೆ ಆರಿತು. ಸೂಜಿ ಬಿತ್ತು, ಕೇಳಲಿಲ್ಲ. ಮುದುಕಿ ಕೆಮ್ಮಿದಳು.

"ಅಮ್ಮಾ, ಮೊಮ್ಮಗಳ ಭವಿಷ್ಯದ ಪ್ರಶ್ನೆ. ಸ್ವಲ್ಪ ದಿನ ಕೆಮ್ಮು ತಡ್ಕೋ."

"ನಿನ್ನ ಹೆತ್ತಾಗ್ಲೇ ತಡ್ಕೊಂಡೆ ಕಣೋ, ಇದೇನು ಮಹಾ" ಎಂದು ಮುದುಕಿ ಕೋಲೂರಿಕೊಂಡು ಜಗುಲಿಗೆ ಹೋದಳು. ಕೋಲಿನ ಸದ್ದಾಯಿತೆಂದು ಅದರ ತುದಿಗೆ ಬಟ್ಟೆ ಸುತ್ತಲಾಯಿತು.

ಸೂಜಿ ಬಿತ್ತು. ಕೇಳಲಿಲ್ಲ.

ಮರುದಿನದಿಂದ ವಾತಾವರಣದ ಕೆಲಸ ಮನೆ ದಾಟಿ ಬೀದಿಗಿಳಿಯಿತು. ಗಿರಣಿಯವನು ಕೋಳಿಯಮ್ಮನ ಮನೆಗೆ ಹೋಗಿ, ಹುಂಜವನ್ನು ಕೆಲವು ದಿನ ನೆಂಟರ ಮನೆಗೆ ಕಳಿಸಬೇಕೆಂದು ಕೇಳಿಕೊಂಡ.

"ನನ್ ಹುಂಜಕ್ಕೆ ನೆಂಟರು ಯಾರಿದಾರಪ್ಪಾ?"

"ನಿಮ್ ನೆಂಟರು."

"ಅವ್ರ ಮನೆಗೆ ಕಳ್ಸಿದ್ರೆ ಪುಕ್ಕ ಮಾತ್ರ ವಾಪಸ್ ಬರುತ್ತೆ!"

ಆಮೇಲೆ ಕಮ್ಮಾರನ ಕುಲುಮೆ. ಕಮ್ಮಾರ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ್ದ. "ಸ್ವಲ್ಪ ಮೆತ್ತಗೆ ಹೊಡೀತೀಯಾ?" ಎಂದು ಗಿರಣಿಯವನು ಕೇಳಿದ. ಕಮ್ಮಾರ ಎತ್ತಿದ ಸುತ್ತಿಗೆ ಇಳಿಸದೆ ಬಹಳ ಹೊತ್ತು ಅವನನ್ನೇ ನೋಡಿದ. ಕಬ್ಬಿಣ ಆರಿತು.

"ಅಲ್ಲಯ್ಯಾ, ಇಡೀ ಊರಿಗೆ ಸದ್ದು ಹಂಚ್ತಿದ್ದೋನು ನೀನು. ನೀನು ಬಂದು ನಂಗೆ ಹೇಳ್ತೀಯಲ್ಲ!"

"ಅದಕ್ಕೇ ಮೊದಲು ನಂದು ನಿಲ್ಸಿದೀನಿ. ಈಗ ನಿನ್ ಸರದಿ."

ಮಗುವಿನ ಓದು ಎಂದಮೇಲೆ ಯಾರೂ ಬಾಯಿಬಿಟ್ಟು ಬೇಡವೆನ್ನುವಂತಿಲ್ಲ. ಕಮ್ಮಾರ ಗೊಣಗುತ್ತ ಸಂಜೆ ಕುಲುಮೆ ಮುಚ್ಚಿದ. ಹುಂಜ ಕತ್ತಲೆಯ ಬುಟ್ಟಿಯೊಳಗೆ ಕೂತು ಲೋಕವೇ ಮುಗಿಯಿತೆಂದುಕೊಂಡಿತು. ನೀರಿಗೆ ಹೋಗುವವರು ಕೊಡಗಳನ್ನು ಮಗುವಿನಂತೆ ಎತ್ತಿಕೊಂಡು ನಡೆದರು. ಇಷ್ಟಾದರೂ ನಡುಮನೆಯಲ್ಲಿ ಸೂಜಿ ಬೀಳುತ್ತಲೇ ಇತ್ತು, ಗಿರಣಿಯವನಿಗೆ ಕೇಳುತ್ತಲೇ ಇರಲಿಲ್ಲ. ಶುಕ್ರವಾರ ಅದು ಬಿದ್ದು ಎಲ್ಲೋ ಉರುಳಿಹೋಯಿತು. ಚಾಪೆ ಕೊಡವಿದರು, ನೆಲ ಗುಡಿಸಿದರು, ಸಿಗಲಿಲ್ಲ.

"ನನ್ ಸೂಜಿ?" ಎಂದಳು ಹೆಂಡತಿ.

"ಶ್!" ಎಂದ ಗಂಡ.

ಇತ್ತ ಊರಿನಲ್ಲಿ ಹಿಟ್ಟು ಮುಗಿಯುತ್ತ ಬಂತು. ಹಗಲು ಎಲ್ಲರೂ ಹೊಲಗದ್ದೆಯಲ್ಲಿ, ಗಿರಣಿಗೆ ಬರಲು ಆಗುವುದು ಸಂಜೆಯೇ. ಬಾಗಿಲಿಗೆ ಬೀಗ, ಬೀಗದ ಕೈ ಗಿರಣಿಯವನ ಸೊಂಟದಲ್ಲಿ. ಕಾಳಿನ ಬುಟ್ಟಿಗಳು ಜಗುಲಿಯ ಉದ್ದಕ್ಕೂ ಸಾಲು ಕೂತವು. ಹೆಂಗಸರು ಅಜ್ಜಿಯ ಸುತ್ತ ಕೂತು ಪಿಸುಪಿಸು ಬೈಯುತ್ತಿದ್ದರು. ಜೋರಾಗಿ ಬೈದರೆ ಚುಕ್ಕಿಯ ಓದು ಕೆಡುತ್ತದಲ್ಲ.

ಚುಕ್ಕಿಯ ಓದು? ಅದನ್ನು ಕೇಳಬೇಡಿ. ಮೌನದಲ್ಲಿ ಕೂತ ಮಗು ಮೊದಲ ದಿನ ಆಕಳಿಸಿತು. ಎರಡನೇ ದಿನ ತೂಕಡಿಸಿತು. ಆಮೇಲೆ ಪುಸ್ತಕ ತೆರೆದರೆ ಸಾಕು, ಹಣೆ ನೇರ ಸೂರ್ಯಮಂಡಲದ ಚಿತ್ರದ ಮೇಲೆ ಹೋಗಿ ಕೂರುತ್ತಿತ್ತು. ಗಿರಣಿಯವನು ಪಕ್ಕದಲ್ಲಿ ಕೂತು ಇದನ್ನು ನೋಡಿ ಹಿಗ್ಗುತ್ತಿದ್ದ.

"ನೋಡೇ, ಎಷ್ಟು ಆಳವಾಗಿ ಓದ್ತಿದಾಳೆ!"

"ಗೊರಕೆ ಹೊಡೀತಿದಾಳೆ ರೀ."

ಗೊರಕೆ ಅವನಿಗೆ ಕೇಳಿಸಿರಲಿಲ್ಲ.

"ಅಪ್ಪಾ, ಗಿರಣಿ ಹಾಕಪ್ಪಾ" ಎಂದು ಚುಕ್ಕಿ ಎದ್ದು ಕಣ್ಣುಜ್ಜಿಕೊಂಡಳು. "ಇಲ್ಲಿ ಏನೂ ನೆನಪಾಗಲ್ಲ. ಬಾಯಿ ತೆಗೆದ್ರೆ ನನ್ ದನಿ ನಂಗೇ ಕೇಳ್ಸುತ್ತೆ. ನಾಚ್ಕೆ ಆಗುತ್ತೆ. ಅಲ್ಲಿ ಎಲ್ಲಾರೂ ಕೇಳ್ತಿದ್ರು, ನಾನು ಹೇಳ್ತಿದ್ದೆ."

"ಸೋಮವಾರ ಆಗ್ಲಿ ಕಂದಾ. ಆಮೇಲೆ ಬೇಕಾದಷ್ಟು ಆಡುವಂತೆ."

ಶನಿವಾರ ಮೇಷ್ಟ್ರು ಅವನನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದರು. ಮುಖ ಬಾಡಿತ್ತು.

"ಚುಕ್ಕಿಗೆ ಮೈ ಸರಿ ಇಲ್ವಾ? ಪಾಠ ಕೇಳಿದ್ರೆ ತುಟಿ ಅಲ್ಲಾಡುತ್ತೆ, ದನಿ ಬರಲ್ಲ. ಸೂರ್ಯನ್ನೇ ಮರೀತಾಳೆ. ಸೋಮವಾರನೂ ಹೀಗೇ ಆದ್ರೆ ದರ್ಜಿ ಮಗನ್ನ ನಿಲ್ಲಿಸ್ಬೇಕಾಗುತ್ತೆ. ಆಮೇಲೆ ಬೇಜಾರು ಮಾಡ್ಕೋಬೇಡಿ. ಆ ಮಗೂಗೆ ಎಷ್ಟು ಆಸೆ ಇತ್ತು! ಸಾಹೇಬರ ಮುಂದೆ ಹೇಳ್ತೀನಿ ಅಂತ ಕುಣೀತಿದ್ಲು."

ಗಿರಣಿಯವನು ಮನೆಗೆ ಓಡಿ ಬಂದು ಹೆಂಡತಿಗೆ ಹೇಳಿದ, "ನಾನು ಹೇಳ್ಲಿಲ್ವಾ? ಮೌನ ಸಾಲ್ದು!" ಅಂದು ರಾತ್ರಿಯಿಂದ ಮನೆಯಲ್ಲಿ ಮಾತೇ ನಿಂತು ಕೈಸನ್ನೆ ಶುರುವಾಯಿತು. ಅಜ್ಜಿ ಮಾತ್ರ ಮಗನಿಗೆ ಕೈಸನ್ನೆಯಲ್ಲಿ ಏನು ಹೇಳಿದಳೋ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಸೋಮವಾರ ಬಂತು.

ಶಾಲೆ ಇರುವುದು ಗಿರಣಿಯ ಬೀದಿಯ ಕೊನೆಯಲ್ಲೇ. ದೊಡ್ಡ ಕೋಣೆಯಲ್ಲಿ ಬೆಂಚು ಹಾಕಿ ಊರವರೆಲ್ಲ ಕೂತರು. ತಪಾಸಣೆಯ ಸಾಹೇಬರು ದಪ್ಪ ಕನ್ನಡಕದವರು, ನಗದ ಮುಖದವರು. ಮೇಜಿನ ಮೇಲೆ ಪೆನ್ನು ಅಡ್ಡ ಇಟ್ಟು "ಹೂಂ, ಶುರು ಮಾಡಿ" ಎಂದರು.

ಮೇಷ್ಟ್ರು ಚುಕ್ಕಿಯನ್ನು ನೋಡಿದರು. ಚುಕ್ಕಿ ಅಪ್ಪನನ್ನು ನೋಡಿದಳು. ಅಪ್ಪ ಎದೆಯುಬ್ಬಿಸಿ ತಲೆಯಾಡಿಸಿದ. ಅವಳು ಎದ್ದು ಮುಂದೆ ಬಂದು ನಿಂತಳು.

ಆಗ ಆ ಕೋಣೆಯಲ್ಲಿ ಮೌನ ಕವಿಯಿತು. ಗಿರಣಿಯವನು ಇಷ್ಟು ದಿನ ಹುಡುಕಿ ಹುಡುಕಿ ಸಿಗದ ಮೌನ! ಕೆಮ್ಮಿಲ್ಲ, ಕೊಡವಿಲ್ಲ, ಹುಂಜವಿಲ್ಲ. ಚುಕ್ಕಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಸೂ..." ಎಂದಳು. ಮುಂದಿನ ಅಕ್ಷರ ಬರಲಿಲ್ಲ.

"ಪಾಪ, ಭಯ" ಎಂದರು ಸಾಹೇಬರು. ದರ್ಜಿ ತನ್ನ ಮಗನ ತಲೆ ಬಾಚತೊಡಗಿದ. ಚುಕ್ಕಿಯ ಕಣ್ಣು ತುಂಬಿಕೊಂಡಿತು.

ಗಿರಣಿಯವನ ಸೊಂಟಕ್ಕೆ ಯಾರೋ ಕೈ ಹಾಕಿದಂತಾಯಿತು. ನೋಡುವಷ್ಟರಲ್ಲಿ ಹೆಂಡತಿ ಬೀಗದ ಕೈ ಕಿತ್ತುಕೊಂಡು ಬಾಗಿಲು ದಾಟಿದ್ದಳು. ಅವಳು ಅಷ್ಟು ಜೋರಾಗಿ ಓಡಿದ್ದನ್ನು ಮದುವೆಯಾದ ಮೇಲೆ ಅವನು ನೋಡಿರಲೇ ಇಲ್ಲ.

"ಒಂದ್ ನಿಮಿಷ ಸಾರ್" ಎಂದಳು ಅಜ್ಜಿ ಸಾಹೇಬರಿಗೆ. "ಮಗೂಗೆ ಸ್ವಲ್ಪ ಹಸಿವು." ಯಾವುದರ ಹಸಿವು ಎಂದು ಹೇಳಲಿಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. ಮೇಷ್ಟ್ರು ಬೆವರೊರೆಸಿಕೊಂಡು "ಸಾರ್, ಇನ್ನೊಬ್ಬ ಹುಡುಗ..." ಎಂದು ಆರಂಭಿಸಿದರು.

ಢಗ್.

ಬೀದಿಯ ಆ ತುದಿಯಿಂದ ಬಂತು ಅದು. ಢಗ್... ಢಗ್... ಢಗ್ ಢಗ್ ಢಗ್ ಢಗ್! ಕಿಟಕಿಯ ಗಾಜುಗಳು ಹಳೆಯ ಗೆಳೆಯನನ್ನು ಕಂಡಂತೆ ಗಲಗಲ ನಕ್ಕವು. ಚುಕ್ಕಿಯ ಕತ್ತು ನೆಟ್ಟಗಾಯಿತು. ಕಾಲು ತಾನಾಗಿ ಕುಣಿಯಿತು.

"ಸೂರ್ಯ ನಡುವೆ ಇರ್ತಾನೆ!" ಎಂದು ಅವಳು ಕೂಗಿದಳು.

ಸಾಹೇಬರ ಕನ್ನಡಕ ಮೂಗಿನಿಂದ ಜಾರಿತು.

"ಗ್ರಹಗಳು ಅವನ ಸುತ್ತ ತಿರುಗ್ತಾವೆ! ಹತ್ತಿರದೋನು ಬುಧ! ಬೇಗ ಸುತ್ತಿ ಬರ್ತಾನೆ! ಆಮೇಲೆ ಶುಕ್ರ! ಆಮೇಲೆ ನಾವು!"

"ನಾವೇ!" ಎಂದಳು ಕೋಳಿಯಮ್ಮ ಹೆಮ್ಮೆಯಿಂದ.

"ಆಮೇಲೆ ಮಂಗಳ! ಕೆಂಪಗೆ ಇರ್ತಾನೆ! ಆಮೇಲೆ..."

ಢಗ್... ಢಗ್... ಢ... ನಿಂತಿತು. ಕರೆಂಟು ಹೋಗಿತ್ತು.

ಚುಕ್ಕಿಯೂ ನಿಂತಳು, ಬಾಯಿ ತೆರೆದಂತೆಯೇ. ಸೂರ್ಯಮಂಡಲ ಮಂಗಳನಿಗೇ ಮುಗಿದುಹೋಯಿತು. ಗುರು, ಶನಿ ಮೊದಲಾದ ದೊಡ್ಡ ದೊಡ್ಡವರೆಲ್ಲ ಬಾಗಿಲ ಹೊರಗೆ ಕಾಯುತ್ತ ನಿಂತರು. ಮತ್ತೆ ಆ ಕೆಟ್ಟ ಮೌನ.

ಈಗ ಗಿರಣಿಯವನಿಗೆ ತಿಳಿಯಿತು. ಇಂಥ ವಿಷಯ ಅವನಿಗೆ ನಿಧಾನವಾಗಿ ತಿಳಿಯುತ್ತಿತ್ತು, ಆದರೆ ಒಮ್ಮೆ ತಿಳಿದರೆ ತಡೆಯುವವರಿರಲಿಲ್ಲ. ಅವನು ಬೆಂಚಿನಿಂದ ಎದ್ದ. ಎರಡೂ ಮುಷ್ಟಿ ಎತ್ತಿ ಬೆಂಚಿನ ಮೇಲೆ ಬಡಿದ. ಹುಟ್ಟಿದಾಗಿನಿಂದ ಕೇಳಿದ ಆ ಲಯ ತಪ್ಪುವುದುಂಟೇ?

"ಢಗ್ ಢಗ್ ಢಗ್ ಢಗ್!" ಎಂದು ಅವನು ಬಾಯಲ್ಲೂ ಕೂಗಿದ. "ಏನ್ ನೋಡ್ತಿದೀರ? ಹೊಡೀರಿ! ಮಗು ಓದ್ಬೇಕು!"

ಅಜ್ಜಿ ಕೋಲಿನ ತುದಿಯ ಬಟ್ಟೆ ಕಿತ್ತೆಸೆದು ನೆಲ ಕುಟ್ಟಿದಳು. ಒಂದು ವಾರ ಕೈ ಕಟ್ಟಿ ಕೂತಿದ್ದ ಕಮ್ಮಾರ ತನ್ನ ಸೇಡನ್ನೆಲ್ಲ ಮುಂದಿನ ಬೆಂಚಿನ ಮೇಲೆ ತೀರಿಸಿಕೊಂಡ. ಹೆಂಗಸರು ಚಪ್ಪಾಳೆ ತಟ್ಟಿದರು. ಕೋಳಿಯಮ್ಮ ಜರಡಿ ಆಡಿಸುವ ಹಾಗೆ ಬಾಯಲ್ಲಿ "ಸರ್ ಸರ್" ಎಂದಳು. ದರ್ಜಿ ಸುಮ್ಮನಿರಬೇಕೆಂದೇ ಇದ್ದ. ಆದರೆ ಅವನ ಕಾಲು ಕೇಳಬೇಕಲ್ಲ! ಮಿಷಿನ್ನು ತುಳಿದು ತುಳಿದು ರೂಢಿಯಾದ ಪಾದ ತಾಳಕ್ಕೆ ಬಿದ್ದೇಬಿಟ್ಟಿತು.

"ಆಮೇಲೆ ಗುರು!" ಚುಕ್ಕಿಯ ದನಿ ಎಲ್ಲವನ್ನೂ ಮೀರಿ ಎದ್ದಿತು. "ಎಲ್ಲಾರಿಗಿಂತ ದೊಡ್ಡೋನು! ಆಮೇಲೆ ಶನಿ! ಸುತ್ತ ಬಳೆ ಇರ್ತಾವೆ! ಆಮೇಲೆ ಯುರೇನಸ್! ದೂರ ಇದ್ದಷ್ಟೂ ಸುತ್ತು ದೊಡ್ಡದು! ಕೊನೇಗೆ ನೆಪ್ಚೂನ್! ಅವನು ಒಂದು ಸುತ್ತು ಮುಗಿಸೋಷ್ಟ್ರಲ್ಲಿ ನಮ್ಮಜ್ಜಿ ಮತ್ತೆ ಹುಟ್ಟಿ ಮತ್ತೆ ಅಜ್ಜಿ ಆಗಿರ್ತಾಳೆ!"

ಕೊನೆಯ ವಾಕ್ಯ ಪುಸ್ತಕದಲ್ಲಿರಲಿಲ್ಲ. ಸಾಹೇಬರು ಅದಕ್ಕೇ ನಕ್ಕರು. ಆಗಲೇ ಅವರ ಗಮನಕ್ಕೆ ಬಂದದ್ದು, ತಾವು ಪೆನ್ನಿನಿಂದ ಮೇಜು ಬಡಿಯುತ್ತಿದ್ದೇವೆ ಎಂದು.

ಗದ್ದಲ ಇಳಿದ ಮೇಲೆ ಅವರು ಕನ್ನಡಕ ಏರಿಸಿಕೊಂಡು ಕೇಳಿದರು, "ನಿನಗೆ ಮನೇಲಿ ಯಾರಮ್ಮಾ ಓದಿಸೋದು?"

"ಗಿರಣಿಗೆ ಬರೋರೆಲ್ಲ ಸಾರ್! ಅಜ್ಜಿ ಮಗ್ಗಿ ಕೇಳ್ತಾಳೆ, ಕೋಳಿಯಮ್ಮ ಪಾಠ ಕೇಳ್ತಾಳೆ, ಅಮ್ಮ ತಪ್ಪು ತಿದ್ತಾಳೆ."

"ಮತ್ತೆ ತಂದೆ? ನೀವೇನು ಮಾಡ್ತೀರಿ?"

ಗಿರಣಿಯವನು ಎದ್ದು ನಿಂತ. ಇಷ್ಟು ದಿನ ತಾನು ಮಾಡಿದ ಘನಕಾರ್ಯವೆಲ್ಲ ಕಣ್ಣ ಮುಂದೆ ಬಂತು. ಮಗಳ ಮುಖ ನೋಡಿದ. ಅದು ಬೆಳಗುತ್ತಿತ್ತು.

"ನಾನು ಸದ್ದು ಮಾಡ್ತೀನಿ ಸ್ವಾಮೀ!" ಎಂದ.

"ಅದು ಕೇಳಿಸ್ತು" ಎಂದರು ಸಾಹೇಬರು, ಕಿವಿ ಉಜ್ಜಿಕೊಳ್ಳುತ್ತ.

ಸಂಜೆ ಕರೆಂಟು ಬಂತು. ಜಗುಲಿಯ ಬುಟ್ಟಿಗಳೆಲ್ಲ ಒಳಗೆ ಬಂದವು. ಹುಂಜ ಬುಟ್ಟಿಯಿಂದ ಬಿಡುಗಡೆಯಾಗಿ, ಒಂದು ವಾರದ ಬೆಳಗನ್ನೆಲ್ಲ ಒಟ್ಟಿಗೆ ಕೂಗಿತು. ಬೆಲ್ಟು ಢಗ್ ಢಗ್ ಎನ್ನತೊಡಗಿತು. ಒಂದು ಕೈಯಲ್ಲಿ ಗೋಧಿಯ ಬುಟ್ಟಿ, ಇನ್ನೊಂದರಲ್ಲಿ ಮಗನ ರಟ್ಟೆ ಹಿಡಿದುಕೊಂಡು ದರ್ಜಿಯೂ ಬಂದ.

"ಇವನೂ ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಲಿ. ಮನೇಲಿ ಯಾಕೋ ಬರೀ ನಿದ್ದೆ" ಎಂದ, ಯಾರ ಮುಖವನ್ನೂ ನೋಡದೆ.

"ಸೂಜಿ ಬೀಳಿಸಿ ನೋಡಿದ್ಯಾ?" ಎಂದು ಕೋಳಿಯಮ್ಮ ಕೂಗಿ ಕೇಳಿದಳು. ದರ್ಜಿಗೆ ಅಂದು ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ಗಿರಣಿಯವನು ಹೆಂಡತಿಗೆ ಹಿಟ್ಟು ಬೀಳುವ ಬಾಯಿ ನೋಡಿಕೊಳ್ಳಲು ಹೇಳಿ, ನಡುಮನೆಯಿಂದ ಆ ಖಾಲಿ ಗೋಣಿ ತಂದು ಮತ್ತೆ ಮೂಟೆಗಳ ಮೇಲೆ ಹಾಸಿದ. ಇಂದಿನಿಂದ ತಾನೂ ಮಗಳ ಪಾಠ ಕೇಳುವವನೇ ಎಂದು ತೀರ್ಮಾನವಾಗಿತ್ತು. ಚುಕ್ಕಿ ಒಂದು ಕಡೆ ಕೂತಳು, ದರ್ಜಿಯ ಮಗ ಇನ್ನೊಂದು ಕಡೆ. ನಡುವೆ ಸೂರ್ಯನ ಹಾಗೆ ಗಿರಣಿಯವನು ಪಂಚೆ ಸರಿಮಾಡಿಕೊಂಡು, ಗಂಭೀರವಾಗಿ, ಪೂರ್ತಿ ಭಾರ ಬಿಟ್ಟು ಕೂತ.

ಮರುಕ್ಷಣ ಅವನು ಹಾಕಿದ ಕೂಗಿಗೆ ಕಮ್ಮಾರ ಸುತ್ತಿಗೆ ಕೆಳಗೆ ಹಾಕಿದ. ಹುಂಜ ತಾನಾಗಿ ಬುಟ್ಟಿಯೊಳಗೆ ಹೋಯಿತು. ಬೀದಿಯ ಕೊನೆಯಲ್ಲಿ ಮೇಷ್ಟ್ರು ಶಾಲೆಯ ಕಿಟಕಿ ತೆಗೆದು ನೋಡಿದರು.

ಮೋಟಾರು, ಬೆಲ್ಟು, ಕಲ್ಲು ಎಲ್ಲವನ್ನೂ ಮೀರಿ ಹೆಂಡತಿಯ ದನಿ ಬಂತು:

"ಸಿಕ್ತೇನ್ರೀ, ನನ್ ಸೂಜಿ?"